ನೊಣದಮ್ಮನ ನೇಮಕಾತಿ

ನಮ್ಮ ಪ್ರಯೋಗಾಲಯದಲ್ಲಿ ನೊಣಗಳು ಹೇಗೆ ನಿರ್ಧಾರ ತೆಗೆದುಕೊಳ್ಳುತ್ತವೆ ಎಂದು ಕಂಡುಹಿಡಿಯುತ್ತಾರೆ. ಕಳಿತ ಹಣ್ಣಿಗೆ ಮುತ್ತಿಕೊಳ್ಳುವ, ಎಳ್ಳುಕಾಳಿನಷ್ಟು ಗಾತ್ರದ ನೊಣ. ಅದನ್ನು ಕವಲೊಡೆದ ಗಾಜಿನ ಕೊಳವೆಯೊಳಗೆ ಬಿಟ್ಟು ಒಂದು ಕಡೆಯಿಂದ ಒಂದು ವಾಸನೆ, ಇನ್ನೊಂದು ಕಡೆಯಿಂದ ಇನ್ನೊಂದು ವಾಸನೆ ಊದುತ್ತಾರೆ. ನೊಣ ಎರಡು ಸೆಕೆಂಡು ನಿಂತು ಯಾವುದೋ ಒಂದು ದಾರಿ ಹಿಡಿಯುತ್ತದೆ. ಆ ಎರಡು ಸೆಕೆಂಡಿನಲ್ಲಿ ಅದರ ಮೆದುಳಿನೊಳಗೆ ಏನು ನಡೆಯಿತು, ಯಾವ ಜೀನ್ ಕೆಟ್ಟರೆ ಅದು ತಪ್ಪು ದಾರಿಗೆ ಹೋಗುತ್ತದೆ ಎಂದು ತಿಳಿಯಲು ನಮ್ಮ ಪ್ರೊಫೆಸರ್ ಇಪ್ಪತ್ತಾರು ವರ್ಷ ಸವೆಸಿದ್ದಾರೆ. ಅದೇ ಪ್ರೊಫೆಸರ್ ಒಬ್ಬ ಸಂಶೋಧನಾ ವಿದ್ಯಾರ್ಥಿಯನ್ನು ಆರಿಸಲು ನಾಲ್ಕು ತಿಂಗಳು ತೆಗೆದುಕೊಳ್ಳುತ್ತಾರೆ. ಆ ನಾಲ್ಕು ತಿಂಗಳು ಅವರ ಮೆದುಳಿನೊಳಗೆ ಏನು ನಡೆಯುತ್ತದೆ ಎಂದು ಯಾರೂ ಇನ್ನೂ ಸಂಶೋಧನೆ ಮಾಡಿಲ್ಲ.

ನಾನು ಅಲ್ಲಿನ ಗುಮಾಸ್ತ. ವಿದ್ಯಾರ್ಥಿಗಳು, ಸಹಾಯಕರು, ತಂತ್ರಜ್ಞರು ಬೇಕಾಗಿದ್ದಾರೆ ಎಂಬ ಜಾಹೀರಾತು ಬೆರಳಚ್ಚು ಮಾಡುವವನು ನಾನೇ. 'ಉತ್ಸಾಹಿಗಳಾಗಿರಬೇಕು, ಸ್ವತಂತ್ರವಾಗಿ ಯೋಚಿಸಬೇಕು, ತಂಡದಲ್ಲಿ ಬೆರೆಯಬೇಕು' ಎಂದು ಇಪ್ಪತ್ತು ವರ್ಷದಿಂದ ಹೊಡೆಯುತ್ತಿದ್ದೇನೆ. ಸ್ವತಂತ್ರವಾಗಿ ಯೋಚಿಸುವವರು ತಂಡದಲ್ಲಿ ಬೆರೆತದ್ದನ್ನಾಗಲಿ, ತಂಡದಲ್ಲಿ ಬೆರೆತವರು ಏನಾದರೂ ಯೋಚಿಸಿದ್ದನ್ನಾಗಲಿ ನಾನು ಕಂಡಿಲ್ಲ. ಆದರೆ ನನ್ನ ಕೆಲಸ ಬೆರಳಿನದು, ತಲೆಯದಲ್ಲ.

ನಾನು ಹೇಳಹೊರಟಿರುವುದು ನೊಣದಮ್ಮನ ವಿಷಯ. ಆಕೆ ನೊಣಗಳಿಗೆ ಅಡುಗೆ ಮಾಡುತ್ತಿದ್ದಳು. ಮೂರನೇ ಮಹಡಿಯ ಮೊಗಸಾಲೆಯ ತುದಿಯಲ್ಲಿ, ಹಿಂದೆ ಮುರಿದ ಕುರ್ಚಿಗಳನ್ನು ಒಟ್ಟುತ್ತಿದ್ದ ಕೋಣೆಯಲ್ಲಿ, ಆಕೆಯ ಅಡುಗೆಮನೆ. ಸೊಂಟದೆತ್ತರದ ಸ್ಟೀಲ್ ಪಾತ್ರೆ, ಮರದ ಉದ್ದ ಸೌಟು, ಗೋಡೆಯುದ್ದಕ್ಕೂ ಗಾಜಿನ ಸೀಸೆಗಳ ತಟ್ಟೆಗಳು, ಜಾಲರಿ ಹೊಡೆದ ಒಂದು ಕಿಟಕಿ. ಜೋಳದ ಹಿಟ್ಟು, ಸಕ್ಕರೆ, ಯೀಸ್ಟ್, ಗಟ್ಟಿಯಾಗಲು ಅಗರ್ ಪುಡಿ, ಇಷ್ಟು ಸೇರಿಸಿ ಕುದಿಸಿ, ಕೊನೆಯಲ್ಲಿ ಕೆಡದಂತೆ ಸ್ವಲ್ಪ ಆಮ್ಲ ಹಾಕಬೇಕು. ಬಿಸಿ ಜಾಸ್ತಿ ಇದ್ದಾಗ ಹಾಕಿದರೆ ಆಮ್ಲ ಆವಿಯಾಗಿ ಹೋಗಿ ಬೂಷ್ಟು ಹಿಡಿಯುತ್ತದೆ. ಆರಿದ ಮೇಲೆ ಹಾಕಿದರೆ ಸರಿಯಾಗಿ ಬೆರೆಯದೆ ನೊಣದ ಮರಿಹುಳುಗಳು ಸಾಯುತ್ತವೆ. ಈ ಎರಡರ ನಡುವೆ ಇರುವ ಸಮಯ ಸುಮಾರು ಆರು ನಿಮಿಷ. ಅದನ್ನು ತಿಳಿಯಲು ಕಚೇರಿ ಒಂದು ವಿದೇಶಿ ಥರ್ಮಾಮೀಟರ್ ಕೊಟ್ಟಿತ್ತು. ನೊಣದಮ್ಮ ಅದನ್ನು ಮೊಳೆಗೆ ನೇತುಹಾಕಿ, ಪಾತ್ರೆಯ ಹೊಟ್ಟೆಗೆ ಅಂಗೈ ಹಿಂಬದಿ ತಾಗಿಸಿ ನೋಡುತ್ತಿದ್ದಳು.

ಆಕೆ ಸೇರಿದ ದಿನ ನಾನು ಅಲ್ಲೇ ಇದ್ದೆ. ಅದಕ್ಕೂ ಮುಂಚೆ ಒಂದು ಹಾಸ್ಟೆಲ್ಲಿನ ಅಡುಗೆಮನೆಯಲ್ಲಿದ್ದವಳು. ಕೈ ಮುರಿದುಕೊಂಡ ಪಕ್ಕದ ಮನೆಯಾಕೆಯ ಬದಲಿಗೆ ಮೂರು ವಾರ ಗಾಜು ತೊಳೆಯಲು ನಮ್ಮಲ್ಲಿಗೆ ಬಂದಿದ್ದಳು. ಅದೇ ವಾರ ನೊಣದ ಅಡುಗೆಯವನು ಹೇಳದೆ ಕೇಳದೆ ಕೈಕೊಟ್ಟ. ಪ್ರೊಫೆಸರ್ ಮೊಗಸಾಲೆಯಲ್ಲಿ ಸುಟ್ಟ ಬೆಕ್ಕಿನಂತೆ ಓಡಾಡುತ್ತಾ ಆಕೆಯ ಮುಂದೆ ನಿಂತರು.

"ಅಡುಗೆ ಬರುತ್ತಾ?"

"ಬರುತ್ತೆ. ಎಷ್ಟು ಜನಕ್ಕೆ?"

"ಜನಕ್ಕಲ್ಲ. ನೊಣಕ್ಕೆ."

ಆಕೆ ಬಕೆಟ್ ಕೆಳಗಿಟ್ಟಳು. "ಎಷ್ಟು ನೊಣಕ್ಕೆ?"

ನಮ್ಮ ಸಂಸ್ಥೆಯ ಸಂದರ್ಶನಗಳಲ್ಲಿ ಅಷ್ಟು ಬುದ್ಧಿವಂತ ಪ್ರಶ್ನೆಯನ್ನು ನಾನು ಅದಕ್ಕೆ ಮೊದಲೂ ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ. ವಾರಕ್ಕೆ ಎರಡು ಲಕ್ಷ ಎಂದು ಪ್ರೊಫೆಸರ್ ಲೆಕ್ಕ ಹಾಕಿ ಹೇಳಿದರು. "ಹಾಸ್ಟೆಲ್ ಹುಡುಗರಿಗಿಂತ ವಾಸಿ ಇರಬಹುದು" ಎಂದು ಆಕೆ ಒಪ್ಪಿಕೊಂಡಳು. ಆಕೆಗೆ 'ಹಂಗಾಮಿ' ಎಂಬ ಆದೇಶ ಕೊಟ್ಟೆವು. ಮೂರು ತಿಂಗಳ ಆದೇಶ. ಅದನ್ನು ನಾನು ಮೂರು ತಿಂಗಳಿಗೊಮ್ಮೆ ಹೊಸದಾಗಿ ಬೆರಳಚ್ಚು ಮಾಡುತ್ತಾ ಹೋದೆ, ಹದಿನಾರು ವರ್ಷ.

ಆಕೆಯ ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. "ನಮ್ ಡಿಪೋದಲ್ಲಿ ಎಲ್ರೂ ನೊಣ ಹೊಡೀತಾ ಕೂತಿರ್ತಾರೆ, ನನ್ ಹೆಂಡ್ತಿ ಸಂಬಳ ತಗೊಂಡು ನೊಣ ಸಾಕ್ತಾಳೆ" ಎಂದು ಆತ ಸಿಕ್ಕವರಿಗೆಲ್ಲ ಹೇಳುತ್ತಿದ್ದ. ಆಕೆಗೇನೂ ಬೇಜಾರಿರಲಿಲ್ಲ. ಯಾವ ವಂಶದ ನೊಣಕ್ಕೆ ಬಿಳಿ ಕಣ್ಣು, ಯಾವುದಕ್ಕೆ ಮುದುಡಿದ ರೆಕ್ಕೆ, ಯಾವುದು ಮೂರು ದಿನ ತಡವಾಗಿ ಮೊಟ್ಟೆಯಿಡುತ್ತದೆ ಎಂಬುದೆಲ್ಲ ಆಕೆಗೆ ನೆಂಟರ ಮಕ್ಕಳ ಸ್ವಭಾವದಂತೆ ಗೊತ್ತಾಗಿಹೋಯಿತು. ವಿದ್ಯಾರ್ಥಿಗಳು ಮಂಡಿಸಿದ ಪ್ರಬಂಧಗಳಲ್ಲಿ ಆ ವಂಶಗಳಿಗೆ ಸಾಲುದ್ದದ ಸಂಕೇತಗಳಿದ್ದವು. ಆಕೆ 'ಸೋಂಬೇರಿ', 'ಜಗಳಗಂಟಿ', 'ಸೊಸೆ' ಎಂದು ಕರೆಯುತ್ತಿದ್ದಳು. ಕಪಾಟಿನ ಮುಂದೆ ನಿಂತು ಸಂಕೇತ ಮರೆತ ಹುಡುಗರು "ಸೊಸೆ ಯಾವ ತಟ್ಟೇಲಿದೆ?" ಎಂದು ಕೇಳುವುದೂ ರೂಢಿಯಾಯಿತು.

ಸಂದರ್ಶನಕ್ಕೆ ಬಂದವರು ಕಾಯುವ ಬೆಂಚು ಆಕೆಯ ಅಡುಗೆಮನೆಯ ಬಾಗಿಲ ಎದುರಿಗಿತ್ತು. ಅದಕ್ಕೆ ವೈಜ್ಞಾನಿಕ ಕಾರಣವೇನೂ ಇಲ್ಲ, ಮೊಗಸಾಲೆಯಲ್ಲಿ ಗಾಳಿಯಾಡುವ ಜಾಗ ಅದೊಂದೇ. ಬಂದವರು ಕಡತ ಎದೆಗವಚಿಕೊಂಡು, ಮನಸ್ಸಿನಲ್ಲೇ ಏನೋ ಗುನುಗುತ್ತಾ ಕೂತಿರುತ್ತಿದ್ದರು. ನೊಣದಮ್ಮ ಒಂದು ಬುಟ್ಟಿ ಹತ್ತಿ ತಂದು ಅವರ ಮಡಿಲಿಗೆ ಇಡುತ್ತಿದ್ದಳು.

"ಸುಮ್ನೆ ಉಗುರು ಕಚ್ಚೋ ಬದಲು ಸೀಸೆಗೆ ಬಿರಡೆ ಸುತ್ತಿ. ಇಷ್ಟು ದಪ್ಪ ಸಾಕು."

ಕೆಲವರು ಸುತ್ತುತ್ತಿದ್ದರು. ಕೆಲವರು ಇದೂ ಪರೀಕ್ಷೆಯ ಭಾಗವೇ ಎಂದು ಹೆದರಿ, ಬೆವರು ಸುರಿಸುತ್ತಾ ಸುತ್ತುತ್ತಿದ್ದರು. ಕೆಳಗೆ ಬಿದ್ದ ಹತ್ತಿಯನ್ನು ಆಚೀಚೆ ನೋಡಿ ಮತ್ತೆ ಬುಟ್ಟಿಗೆ ಹಾಕುವವರಿದ್ದರು. ಒಬ್ಬಾತ, ತಾನು ಇಂಥ ಕೆಲಸಕ್ಕೆ ಬಂದವನಲ್ಲ ಎಂದು ಬುಟ್ಟಿಯನ್ನು ಪಕ್ಕದವಳ ಮಡಿಲಿಗೆ ದಾಟಿಸಿದ. ಆತ ಒಳಗೆ ಹೋಗಿ ತಂಡದಲ್ಲಿ ಕೆಲಸ ಮಾಡುವುದರ ಮಹತ್ವದ ಬಗ್ಗೆ ಬಹಳ ಚೆನ್ನಾಗಿ ಮಾತಾಡಿದನಂತೆ.

ಸಂದರ್ಶನ ಮುಗಿದ ಮೇಲೆ ಪ್ರೊಫೆಸರ್ ಕಾಫಿ ಲೋಟ ಹಿಡಿದುಕೊಂಡು ಅಡುಗೆಮನೆಯ ಬಾಗಿಲಿಗೆ ಒರಗುತ್ತಿದ್ದರು. ಒಳಗೆ ಎರಡು ಗಂಟೆ, ಐದು ಜನ, ಹನ್ನೆರಡು ಪ್ರಶ್ನೆಗಳ ಪಟ್ಟಿ, 'ಐದು ವರ್ಷದ ನಂತರ ನಿಮ್ಮನ್ನು ನೀವು ಎಲ್ಲಿ ಕಾಣುತ್ತೀರಿ' ಎಂಬುದೂ ಸೇರಿ. ಅಷ್ಟೆಲ್ಲ ಆದ ಮೇಲೆ ಆಕೆಯನ್ನು ಕೇಳುತ್ತಿದ್ದರು.

"ಹೇಗೆ?"

"ಇರ್ತಾಳೆ" ಅಥವಾ "ಹೋಗ್ತಾನೆ". ಆಕೆಯ ವರದಿ ಇಷ್ಟೇ. ಕಾರಣ ಕೇಳಿದರೆ ಹೇಳುತ್ತಿರಲಿಲ್ಲ. ಸೆಂಟು ಬಳಿದುಕೊಂಡು ಬಂದವರನ್ನು ಮಾತ್ರ "ವಾಸನೆ ಕೆಲಸ ಮಾಡೋ ಜಾಗಕ್ಕೆ ವಾಸನೆ ಹೊತ್ಕೊಂಡು ಬಂದಿದಾನೆ" ಎಂದು ಬಾಗಿಲಲ್ಲೇ ತಳ್ಳಿಹಾಕುತ್ತಿದ್ದಳು. ಪ್ರೊಫೆಸರ್ ತಾವೇ ನಿರ್ಧರಿಸಿದೆ ಎಂದು ನಂಬಿಕೊಂಡು ಆಕೆ ಹೇಳಿದವರನ್ನೇ ತೆಗೆದುಕೊಳ್ಳುತ್ತಿದ್ದರು.

ಆಕೆಯ ಮಾತು ಎಂದೂ ತಪ್ಪಲಿಲ್ಲ ಎಂದರೆ ಸುಳ್ಳಾಗುತ್ತದೆ. ಒಮ್ಮೆ ದಪ್ಪ ಕನ್ನಡಕದ ಒಬ್ಬ ಹುಡುಗಿ ಬಂದಳು. ಹತ್ತಿ ಸುತ್ತುತ್ತಾ ಕೂತವಳು ಎದ್ದಾಗ ಮೊಣಕೈ ತಾಗಿ ನಲವತ್ತು ಸೀಸೆಗಳ ತಟ್ಟೆ ನೆಲಕ್ಕೆ ಬಿತ್ತು. ಹುಡುಗಿ ಅಲ್ಲೇ ಕುಕ್ಕರುಗಾಲಲ್ಲಿ ಕೂತು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಒಳಗೆ ಹೋಗಿ ಬಂದಳು. ಪ್ರೊಫೆಸರ್ ಲೋಟ ಹಿಡಿದು ಬಂದಾಗ ನೊಣದಮ್ಮ ಗಾಜು ಗುಡಿಸುತ್ತಿದ್ದಳು.

"ಹೋಗ್ತಾಳೆ" ಅಂದಳು.

ಬಾಗಿಲು ತೆರೆದಿತ್ತು. ಹುಡುಗಿ ಬಿಟ್ಟುಹೋದ ಕೊಡೆ ತೆಗೆದುಕೊಳ್ಳಲು ವಾಪಸು ಬಂದಿದ್ದಳು. ಕೇಳಿಸಿಕೊಂಡಳು. ಕೊಡೆ ತೆಗೆದುಕೊಂಡು ಹೋದಳು. ಆ ವರ್ಷ ಬೇರೆ ಯಾರೂ ಸಿಗದೆ ಅವಳನ್ನೇ ಕರೆಯಬೇಕಾಯಿತು. ಬಂದವಳು ಏಳು ವರ್ಷ ಜಾಗ ಬಿಟ್ಟು ಕದಲಲಿಲ್ಲ. ಡಾಕ್ಟರೇಟ್ ಮುಗಿಸಿದಳು, ಎಲ್ಲೋ ಎರಡು ವರ್ಷ ಇದ್ದು ಬಂದಳು, ನಮ್ಮಲ್ಲೇ ಕಿರಿಯ ಪ್ರೊಫೆಸರ್ ಆಗಿ ಸೇರಿದಳು. ತನ್ನ ಮಹಾಪ್ರಬಂಧದ ಕೃತಜ್ಞತೆಯಲ್ಲಿ ಅಪ್ಪ, ಅಮ್ಮ, ಸೂಕ್ಷ್ಮದರ್ಶಕದ ಕಂಪನಿ, ಇವರೆಲ್ಲರ ನಂತರ 'ನಾನು ಹೋಗುತ್ತೇನೆ ಎಂದವರಿಗೆ' ಎಂದು ಒಂದು ಸಾಲು ಬರೆದಿದ್ದಳು. ನಾನು ಅದನ್ನು ನೊಣದಮ್ಮನಿಗೆ ಓದಿ ಹೇಳಿದೆ.

"ನನ್ ಬಗ್ಗೆನಾ?"

"ಇರ್ಬೇಕು."

"ಬೈದಿದಾಳಾ, ಹೊಗಳಿದಾಳಾ?"

"ಗೊತ್ತಾಗ್ತಿಲ್ಲ."

"ಓದಿದೋರು ಹಾಗೇ ಬರೀಬೇಕು" ಎಂದು ಸೌಟು ತಿರುಗಿಸಿದಳು. ಆದರೆ ಅಂದಿನಿಂದ ಅವಳ ಸೀಸೆಗಳ ತಟ್ಟೆ ಯಾವಾಗಲೂ ಮೊದಲು ಸಿದ್ಧವಾಗುತ್ತಿತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಕ್ಕದ್ದು ಮಾತ್ರ ಕಾಣೆ.

ಹೀಗಿರುವಾಗ ಮುಖ್ಯ ಕಚೇರಿಯಿಂದ ಒಂದು ಸುತ್ತೋಲೆ ಬಂತು. ಹತ್ತು ವರ್ಷಕ್ಕಿಂತ ಹಳೆಯ ಹಂಗಾಮಿ ಹುದ್ದೆಗಳನ್ನೆಲ್ಲ ಕಾಯಂ ಮಾಡಬೇಕು. ನಾನೇ ಓಡಿಹೋಗಿ ಅಡುಗೆಮನೆಯಲ್ಲಿ ಸುದ್ದಿ ಹೇಳಿದೆ. ನೊಣದಮ್ಮ ಒಲೆ ಆರಿಸಿ, ಸ್ಟೂಲಿನ ಮೇಲೆ ಕೂತಳು. ಆಕೆ ಹಾಗೆ ಕೂತದ್ದನ್ನು ಅದೇ ಮೊದಲು ನೋಡಿದ್ದು.

"ಹಾಗಾದ್ರೆ ನನಗೂ ಫೋಟೋ ಇರೋ ಕಾರ್ಡು ಕೊಡ್ತಾರಾ? ಮುಂದಿನ ಬಾಗ್ಲಿಂದ ಬರಬಹುದಾ?"

ಹಂಗಾಮಿಗಳು ಹಿಂದಿನ ಬಾಗಿಲಿನಿಂದ, ಕಸದ ಡಬ್ಬಿಗಳ ಪಕ್ಕದಿಂದ ಬರಬೇಕೆಂಬ ನಿಯಮವಿತ್ತು. ಬರಬಹುದು ಅಂದೆ. ಮರುದಿನ ಆಕೆ ಸ್ಟುಡಿಯೋಗೆ ಹೋಗಿ ಪಾಸ್‌ಪೋರ್ಟ್ ಅಳತೆಯ ಫೋಟೋ ತೆಗೆಸಿಕೊಂಡು ಬಂದಳು. ಎಂಟು ಪ್ರತಿ.

ಸುತ್ತೋಲೆಯನ್ನು ನಾನು ನಿಧಾನವಾಗಿ ಓದಿರಲಿಲ್ಲ. ಅದರಲ್ಲಿ ಕಾಯಂ ಆಗಿದ್ದು ಹುದ್ದೆ. ಮನುಷ್ಯರ ಬಗ್ಗೆ ಅದರಲ್ಲಿ ಏನೂ ಇರಲಿಲ್ಲ. ಹುದ್ದೆ ಕಾಯಂ ಆದ ಮೇಲೆ ಅದಕ್ಕೊಂದು ಹೆಸರು ಬೇಕು, ಹೆಸರಿಗೊಂದು ಸಮಿತಿ ಬೇಕು. ಸಮಿತಿ ಮೂರು ಸಲ ಸೇರಿ 'ಕೀಟ ಪೋಷಣಾ ಮಾಧ್ಯಮ ತಂತ್ರಜ್ಞ' ಎಂದು ನಾಮಕರಣ ಮಾಡಿತು. ಇಂಥ ಹೆಸರಿನ ಹುದ್ದೆಯಲ್ಲಿ ಎಂಟನೇ ತರಗತಿ ಓದಿದವರನ್ನು ಕೂರಿಸುವುದು ಹೆಸರಿಗೆ ಅವಮಾನ. ಆದ್ದರಿಂದ ಜೀವವಿಜ್ಞಾನದಲ್ಲಿ ಪದವಿ ಕಡ್ಡಾಯ, ಸ್ನಾತಕೋತ್ತರ ಪದವಿ ಇದ್ದರೆ ಒಳ್ಳೆಯದು, ನೊಣದ ಆಹಾರ ತಯಾರಿಕೆಯಲ್ಲಿ ಎರಡು ವರ್ಷದ ಅನುಭವ ಅಪೇಕ್ಷಣೀಯ. ಪ್ರೊಫೆಸರ್ ಸಹಿ ಹಾಕಿದರು. ಬೆರಳಚ್ಚು ಮಾಡಿದವನು ನಾನು. ಓದುತ್ತಾ ಓದುತ್ತಾ ಹೊಡೆದೆ, ಒಂದು ಅಕ್ಷರವೂ ತಪ್ಪಲಿಲ್ಲ. ಆ ದಿನ ತಪ್ಪು ಮಾಡಬೇಕಿತ್ತು ಎಂದು ಆಮೇಲೆ ಅನ್ನಿಸಿತು. ಅನ್ನಿಸುವುದಕ್ಕೆ ನಮ್ಮಲ್ಲಿ ಸುತ್ತೋಲೆ ಬೇಕಾಗಿಲ್ಲ.

ಆಕೆಯ ಮಗಳು ಒಂದು ಕನ್ನಡಕದ ಅಂಗಡಿಯ ಕೌಂಟರಿನಲ್ಲಿದ್ದಳು, ಕಂಪ್ಯೂಟರ್ ಬಲ್ಲವಳು. ಅರ್ಜಿ ಆನ್‌ಲೈನಿನಲ್ಲೇ ಹಾಕಬೇಕು. ಭಾನುವಾರ ಬೆಳಿಗ್ಗೆ ತಾಯಿ ಮಗಳು ಕೂತರಂತೆ. ವಿದ್ಯಾರ್ಹತೆಯ ಪಟ್ಟಿ ಪದವಿಯಿಂದ ಶುರುವಾಗುತ್ತಿತ್ತು. ಅದಕ್ಕಿಂತ ಕೆಳಗೆ ಮನುಷ್ಯರು ಓದುವುದಿದೆ ಎಂದು ಆ ಪಟ್ಟಿಗೆ ಗೊತ್ತಿರಲಿಲ್ಲ. 'ಇತರೆ' ಒತ್ತಿ, ಎಂಟನೇ ತರಗತಿಯ ಪ್ರಮಾಣಪತ್ರದ ಫೋಟೋ ಹಾಕಿದರು. ಅನುಭವ ಎಂಬಲ್ಲಿ ಹದಿನಾರು ವರ್ಷ ಎಂದು ತುಂಬಿದರು. ಅಪ್ಪ ಬನಿಯನ್ನಿನಲ್ಲೇ ಹಿಂದೆ ನಿಂತು, "ನೊಣದ ಹೆಸರುಗಳನ್ನೂ ಬರೀರಿ" ಎಂದು ಸಲಹೆ ಕೊಟ್ಟನಂತೆ. ಗುಂಡಿ ಒತ್ತಿದ ಎರಡು ಸೆಕೆಂಡಿನಲ್ಲಿ 'ತಮ್ಮ ಆಸಕ್ತಿಗೆ ಧನ್ಯವಾದಗಳು, ತಾವು ಅರ್ಹರಲ್ಲ' ಎಂದು ಬಂತು.

ಸೋಮವಾರ ನಾನು ಪ್ರೊಫೆಸರ್ ಮುಂದೆ ನಿಂತು ವಿಷಯ ಹೇಳಿದೆ. ಅವರು ನಿಜವಾಗಿಯೂ ಗಾಬರಿಯಾದರು.

"ಅವರೂ ಅರ್ಜಿ ಹಾಕ್ಬೇಕಿತ್ತಾ?"

"ಹುದ್ದೆ ಅದೇ ಸಾರ್."

"ಅದೇನಾ? ಏನೋ ತಂತ್ರಜ್ಞ ಅಂತಿತ್ತಲ್ಲ." ಮೇಜಿನ ಮೇಲಿದ್ದ ಜಾಹೀರಾತಿನ ಪ್ರತಿ ಎತ್ತಿಕೊಂಡರು. "ಹುದ್ದೆಗೆ ಒಂದು ಗೌರವ ಇರ್ಲಿ ಅಂತ ಪದವಿ ಸೇರಿಸಿದ್ದು. ಅವರಿಗೇ ಒಳ್ಳೇದಾಗ್ಲಿ ಅಂತ."

ಪ್ರೊಫೆಸರ್ ಕೆಟ್ಟವರಲ್ಲ. ಅವರು ಮುಖ್ಯ ಕಚೇರಿಗೆ ಎರಡು ಪತ್ರ ಬರೆದರು. ಎರಡಕ್ಕೂ ಒಂದೇ ಉತ್ತರ ಬಂತು. 'ಈ ಅರ್ಹತೆಗೆ ಸಹಿ ಹಾಕಿದವರು ತಾವೇ' ಎಂದು.

ನೊಣದಮ್ಮನ ಹಂಗಾಮಿ ಆದೇಶ ಆ ತಿಂಗಳಿಗೆ ಮುಗಿಯಿತು, ಹೊಸದು ಬೆರಳಚ್ಚು ಮಾಡಲು ಹಂಗಾಮಿ ಹುದ್ದೆಯೇ ಉಳಿದಿರಲಿಲ್ಲ. ಕಾಯಂ ಹುದ್ದೆಗೆ ಮೊದಲು ಬಂದವಳು ಸ್ನಾತಕೋತ್ತರ ಪದವಿಯ ಚುರುಕು ಹುಡುಗಿ. ಚಿನ್ನದ ಪದಕ ಬೇರೆ. ಕೊರಳಿಗೆ ಫೋಟೋ ಇರುವ ಕಾರ್ಡು ಹಾಕಿಕೊಂಡು ಮುಂಬಾಗಿಲಿನಿಂದ ಬಂದು, ಪಾತ್ರೆಯ ಮುಂದೆ ನಿಂತು, ಇದನ್ನು ಹೇಗೆ ಹೊತ್ತಿಸುವುದು ಎಂದು ನನ್ನನ್ನು ಕೇಳಿದಳು. ಆ ದಿನ ನಿಯಮಗಳ ಪುಸ್ತಕ ಹಿಡಿದು ಕೂತವಳು ಕಿರಿಯ ಪ್ರೊಫೆಸರ್. ಸಂಜೆಯ ಹೊತ್ತಿಗೆ 'ಸಂಪನ್ಮೂಲ ವ್ಯಕ್ತಿ' ಎಂಬ ಪದ ಹಿಡಿದುಕೊಂಡು ಬಂದಳು. ತರಬೇತಿ ಕೊಡಲು ಹೊರಗಿನಿಂದ ಯಾರನ್ನಾದರೂ ಕರೆಯಬಹುದು, ವಿದ್ಯಾರ್ಹತೆಯ ಷರತ್ತಿಲ್ಲ. ಹೀಗೆ, ಕೆಲಸ ಮಾಡಲು ಅರ್ಹತೆಯಿಲ್ಲದ ನೊಣದಮ್ಮ ಆ ಕೆಲಸ ಕಲಿಸಲು ಅರ್ಹಳಾದಳು. ಆದೇಶ ನಾನೇ ಬೆರಳಚ್ಚು ಮಾಡಿದೆ. ಮೂರು ತಿಂಗಳಿಗೆ.

"ನಿಮ್ಗೆ ಉಪಕಾರ ಮಾಡ್ತಿದೀನಿ ಅಂದ್ಕೋಬೇಡಿ" ಎಂದು ಕಿರಿಯ ಪ್ರೊಫೆಸರ್ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದಳು. "ನನ್ ನೊಣ ಸಾಯಬಾರದು, ಅಷ್ಟೆ."

"ನಾನೂ ಅದಕ್ಕೇ ಬಂದಿದ್ದು" ಅಂದಳು ನೊಣದಮ್ಮ.

ಮನೆಯಲ್ಲಿ ಮಗಳು ಕೆಂಡವಾಗಿದ್ದಳಂತೆ. "ನಿನ್ನ ಕೆಲಸಾನ ಇನ್ನೊಬ್ಳಿಗೆ ಹೇಳ್ಕೊಡೋಕೆ ಹೋಗ್ತೀಯಲ್ಲಮ್ಮ, ಮಾನ ಮರ್ಯಾದೆ ಬೇಡ್ವಾ?" ಎಂದು ಕೇಳಿದಳಂತೆ. "ನೊಣ ಏನ್ ತಪ್ಪು ಮಾಡ್ತು" ಎಂಬ ಉತ್ತರ ಕೇಳಿ ಎರಡು ದಿನ ಮಾತು ಬಿಟ್ಟಳಂತೆ. ಇದನ್ನೆಲ್ಲ ನೊಣದಮ್ಮ ಆ ಚಿನ್ನದ ಪದಕದ ಹುಡುಗಿಗೆ ಅಗರ್ ಅಳೆಯುವುದನ್ನು ತೋರಿಸುತ್ತಲೇ ನನಗೆ ಹೇಳಿದ್ದು. ಹುಡುಗಿ ತಲೆ ತಗ್ಗಿಸಿ ಅಳೆಯುತ್ತಿದ್ದಳು. ಪಾಪ, ಅವಳದೇನೂ ತಪ್ಪಿರಲಿಲ್ಲ. ಹತ್ತು ದಿನದಲ್ಲಿ ಕಲಿತಳು, ಚೊಕ್ಕವಾಗಿ ಮಾಡಿದಳು. ನೊಣದಮ್ಮನೇ "ಇವಳ ಕೈ ನನಗಿಂತ ಚೆನ್ನಾಗಿದೆ" ಅಂದಳು. ಏಳನೇ ವಾರ ನಮ್ಮದೇ ಪ್ರಯೋಗಾಲಯಕ್ಕೆ ಸಂಶೋಧನಾ ವಿದ್ಯಾರ್ಥಿನಿಯಾಗಿ ಆಯ್ಕೆಯಾಗಿ ಎರಡು ಕೋಣೆ ಆಚೆಗೆ ಹೋದಳು. ಅವಳು ಹುದ್ದೆಗೆ ಸೇರಿದ್ದೇ ಅದಕ್ಕೆ, ಒಳಗೆ ಕಾಲಿಡಲು. ಬೆಂಚಿನ ಮೇಲೆ ಕಾಯುವ ಬದಲು ಸಂಬಳ ತೆಗೆದುಕೊಂಡು ಕಾದಳು.

ಮತ್ತೆ ಜಾಹೀರಾತು. ಎರಡನೆಯವನು ಎರಡು ತಿಂಗಳಿದ್ದು ಬ್ಯಾಂಕಿಗೆ ಹೋದ. ಮೂರನೆಯವನು ಸೆಕೆ ಎಂದು ಜಾಲರಿ ತೆಗೆದು ಕಿಟಕಿ ತೆರೆದಿಟ್ಟ. ಕಣ್ಣಿಗೆ ಕಾಣದಷ್ಟು ಸಣ್ಣ ಹುಳ ಒಳಗೆ ಬಂದು ಸೀಸೆಯಿಂದ ಸೀಸೆಗೆ ಹರಿದು, ಇನ್ನೂರಕ್ಕೂ ಹೆಚ್ಚು ವಂಶ ಹಾಳಾದವು. 'ಸೊಸೆ' ಹೋದದ್ದು ಆಗಲೇ. ಕಿರಿಯ ಪ್ರೊಫೆಸರ್ ಅದನ್ನು ನಾಲ್ಕು ವರ್ಷ ಸಾಕಿ ತಯಾರು ಮಾಡಿದ್ದಳು. ಅವಳು ಅಳಲಿಲ್ಲ, ಸೀಸೆಗಳನ್ನು ಒಂದೊಂದಾಗಿ ಬಿಸಿನೀರಿಗೆ ಹಾಕಿದಳು. ಪಕ್ಕದಲ್ಲಿ ನೊಣದಮ್ಮ ಬಿರಡೆ ಕಿತ್ತುಕೊಡುತ್ತಾ ನಿಂತಿದ್ದಳು. ಮೂರನೆಯವನು ಕಾರಣ ವಿವರಿಸಿ ಒಂಬತ್ತು ಪುಟದ ವರದಿ ಬರೆದ. ಬಹಳ ಒಳ್ಳೆಯ ವರದಿ. ಅದನ್ನು ತೋರಿಸಿಯೇ ಅವನಿಗೆ ಬೇರೆ ಕಡೆ ಕೆಲಸ ಸಿಕ್ಕಿತು.

ಪ್ರತಿ ಸಲವೂ ಸಂಪನ್ಮೂಲ ವ್ಯಕ್ತಿಯ ಆದೇಶ ಹೊಸದಾಗುತ್ತಿತ್ತು. ಎರಡು ವರ್ಷ ಹೀಗೇ ಕಳೆಯಿತು. ನಿಜ ಹೇಳಬೇಕೆಂದರೆ ಆ ಎರಡು ವರ್ಷ ಅಡುಗೆ ಮಾಡಿದ್ದು ಆಕೆಯೇ, ಹಿಂಬಾಗಿಲಿನಿಂದ ಬಂದು, ಸಂದರ್ಶಕರ ಪುಸ್ತಕದಲ್ಲಿ ದಿನಾ 'ಬಂದ ಉದ್ದೇಶ: ತರಬೇತಿ' ಎಂದು ಬರೆದು.

ನಾಲ್ಕನೆಯ ಸಲ ಕಿರಿಯ ಪ್ರೊಫೆಸರ್ ಮತ್ತೆ ಪುಸ್ತಕ ತೆಗೆದಳು. ಆಯ್ಕೆ ಸಮಿತಿಯಲ್ಲಿ ಒಬ್ಬ ವಿಷಯ ತಜ್ಞರಿರಬೇಕು, ಆ ವಿಷಯದಲ್ಲಿ ಹದಿನೈದು ವರ್ಷಕ್ಕೆ ಕಡಿಮೆಯಿಲ್ಲದ ಅನುಭವ ಇರಬೇಕು. ಅಷ್ಟೇ ಬರೆದಿತ್ತು. ತಜ್ಞರಿಗೆ ಪದವಿ ಇರುತ್ತದೆಯೆಂದು ಎಲ್ಲರೂ ನಂಬಿದ್ದರಿಂದ ಯಾರೂ ಅದನ್ನು ಬರೆಯುವ ಗೋಜಿಗೆ ಹೋಗಿರಲಿಲ್ಲ. ನಾನು 'ಮಾನ್ಯರೇ, ತಮ್ಮನ್ನು ವಿಷಯ ತಜ್ಞರನ್ನಾಗಿ ಆಹ್ವಾನಿಸಲು ಹರ್ಷಿಸುತ್ತೇವೆ' ಎಂದು ಪತ್ರ ಹೊಡೆದು ಅಡುಗೆಮನೆಗೆ ತೆಗೆದುಕೊಂಡು ಹೋದೆ.

"ಇದು ಯಾರಿಗೆ?"

"ನಿಮ್ಗೆ."

"ಮಾನ್ಯರೇ ಅಂತಿದೆ."

"ನೀವೇ."

ಕೈ ಒರೆಸಿಕೊಂಡು ಇನ್ನೊಮ್ಮೆ ಓದಿ, ಮಡಚಿ, ಜೋಳದ ಹಿಟ್ಟಿನ ಡಬ್ಬದ ಕೆಳಗೆ ಇಟ್ಟಳು.

ಸಂದರ್ಶನದ ದಿನ ಆಕೆ ಮೊದಲ ಸಲ ಆ ಕೋಣೆಯ ಒಳಗೆ, ಮೇಜಿನ ಈ ಕಡೆ ಕೂತಳು. ಮುಂದೆ ನೀರಿನ ಬಾಟಲಿ, ಬರೆಯುವ ಹಾಳೆ, ಚೂಪು ಮಾಡಿದ ಪೆನ್ಸಿಲ್. ಬಲಕ್ಕೆ ಪ್ರೊಫೆಸರ್, ಎಡಕ್ಕೆ ಕಿರಿಯ ಪ್ರೊಫೆಸರ್, ಅದರಾಚೆ ಮುಖ್ಯ ಕಚೇರಿಯ ಅಧಿಕಾರಿಣಿ. ಅಧಿಕಾರಿಣಿಯ ಕೈಯಲ್ಲಿ ಹತ್ತು ಕಾಲಮ್ಮಿನ ಅಂಕಪಟ್ಟಿ. ನಾನು ಮೂಲೆಯಲ್ಲಿ, ನಡಾವಳಿ ಬರೆದುಕೊಳ್ಳಲು.

ಮೊದಲ ಮೂವರೂ ಐದು ವರ್ಷದ ನಂತರ ತಮ್ಮನ್ನು ಬಹಳ ಎತ್ತರದಲ್ಲಿ ಕಂಡರು. ಮೂವರಲ್ಲಿ ಯಾರೂ ತಮ್ಮನ್ನು ಅಡುಗೆಮನೆಯಲ್ಲಿ ಕಾಣಲಿಲ್ಲ. ಅಧಿಕಾರಿಣಿ ಧಾರಾಳವಾಗಿ ಅಂಕ ಕೊಟ್ಟಳು. ನೊಣದಮ್ಮ ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿದಳು.

"ಬಿರಡೆ ಗಟ್ಟಿಯಾದ್ರೆ ಏನಾಗುತ್ತೆ, ಸಡಿಲ ಆದ್ರೆ ಏನಾಗುತ್ತೆ?"

ಮೂವರೂ ಉತ್ತರ ಕೊಟ್ಟರು. ಒಬ್ಬ ಗಾಳಿಯ ಒತ್ತಡದ ಸೂತ್ರವನ್ನೇ ಹೇಳಿದ.

ನಾಲ್ಕನೆಯವನು ಮೂವತ್ತೈದರ ಆಸುಪಾಸಿನ ಮನುಷ್ಯ. ಹಾಲಿನ ಡೇರಿಯ ಪರೀಕ್ಷಾ ಕೋಣೆಯಲ್ಲಿ ಬಾಟಲಿ ತೊಳೆಯುತ್ತಾ, ಅಂಚೆಯ ಮೂಲಕ ಪದವಿ ಮುಗಿಸಿದ್ದ. ಇಸ್ತ್ರಿ ಮಾಡಿದ ಅಂಗಿ, ತೋಳಿನ ಗೆರೆ ಸೊಟ್ಟ. ಈ ಕೆಲಸವೇ ಯಾಕೆ ಬೇಕು ಎಂದು ಪ್ರೊಫೆಸರ್ ಕೇಳಿದರು.

"ಮನೆಗೆ ಹತ್ರ ಸಾರ್. ನಡ್ಕೊಂಡು ಬರಬಹುದು."

ಅಧಿಕಾರಿಣಿ ಉತ್ಸಾಹದ ಕಾಲಮ್ಮಿನಲ್ಲಿ ಸೊನ್ನೆ ಹಾಕಿದ್ದು ನನಗೆ ಕಾಣಿಸಿತು. ಐದು ವರ್ಷದ ನಂತರ ಎಂಬ ಪ್ರಶ್ನೆಗೆ ಆತ ಪ್ರಶ್ನೆಯೇ ಅರ್ಥವಾಗದವನಂತೆ ನೋಡಿ, "ಇಲ್ಲೇ ಇರ್ತೀನಲ್ಲ ಮೇಡಂ, ಕೆಲಸ ಕೊಟ್ರೆ" ಅಂದ. ಬಿರಡೆಯ ಪ್ರಶ್ನೆ ಬಂತು.

"ಗೊತ್ತಿಲ್ಲಮ್ಮ. ಕೈಯಲ್ಲಿ ಹಿಡಿದು ನೋಡಿದ್ರೆ ಹೇಳಬಹುದು."

ಆತ ಹೊರಗೆ ಹೋದ ಮೇಲೆ ಎಲ್ಲರೂ ತಮ್ಮ ತಮ್ಮ ಹಾಳೆ ನೋಡಿಕೊಂಡರು. ಪ್ರೊಫೆಸರ್ ಕಾಫಿ ಲೋಟ ಇಲ್ಲದಿದ್ದರೂ ಅಭ್ಯಾಸಬಲದಿಂದ ನೊಣದಮ್ಮನ ಕಡೆ ತಿರುಗಿದರು.

"ಹೇಗೆ?"

ಆಕೆ ಪೆನ್ಸಿಲನ್ನು ಹಾಳೆಯ ಅಂಚಿಗೆ ಸರಿಯಾಗಿ ಜೋಡಿಸಿಟ್ಟಳು. "ಇರ್ತಾನೆ."

"ಸರಿ ಹಾಗಾದ್ರೆ."

"ಇರ್ತಾನೆ. ಅದಕ್ಕೇ ಬೇಡ ಅಂತೀನಿ."

ನಡಾವಳಿಯಲ್ಲಿ ಇದನ್ನು ಹೇಗೆ ಬರೆಯುವುದೆಂದು ನಾನು ಪೆನ್ನು ಎತ್ತಿದವನು ಎತ್ತಿಯೇ ಇದ್ದೆ. ಅಧಿಕಾರಿಣಿ, "ಹಾಗಂದ್ರೆ?" ಅಂದಳು.

"ಬೇರೆಯವ್ರು ಬರ್ತಾರೆ, ಹೋಗ್ತಾರೆ. ಅವ್ರಿಗೆ ನೀವೇನೂ ಮಾಡೋಕಾಗಲ್ಲ. ಇವ್ನು ಹೋಗಲ್ಲ. ದಿನಾ ನಡ್ಕೊಂಡು ಬರ್ತಾನೆ, ಸೀಸೆ ತುಂಬ್ತಾನೆ, ನೊಣಕ್ಕೆ ಹೆಸರಿಡ್ತಾನೆ. ಹದಿನಾರು ವರ್ಷ ಆದ್ಮೇಲೆ ಒಂದು ಕಾಗದ ಬರುತ್ತೆ, ನೀನು ಇದಕ್ಕೆ ಆಗೋನಲ್ಲ ಅಂತ. ಆವಾಗ ಇವ್ನಿಗೆ ಬೇರೆ ಏನೂ ಬರಲ್ಲ." ಧ್ವನಿ ಏರಲಿಲ್ಲ. ಹಿಟ್ಟಿನ ಅಳತೆ ಹೇಳುವ ಧ್ವನಿಯಲ್ಲೇ ಹೇಳಿದಳು. "ಇದುವರೆಗೆ ಇರೋರನ್ನ ಹುಡುಕ್ಕೊಡ್ತಿದ್ದೆ ನಾನು. ಒಳ್ಳೇ ಕೆಲಸ ಅಂದ್ಕೊಂಡಿದ್ದೆ."

ಪ್ರೊಫೆಸರ್ ಕನ್ನಡಕ ತೆಗೆದು ಒರೆಸತೊಡಗಿದರು. ಕಡೆಗೆ ಮಾತಾಡಿದ್ದು ಕಿರಿಯ ಪ್ರೊಫೆಸರ್.

"ಈಗ ಆ ಹುದ್ದೆ ಕಾಯಂ. ಅವನ ಹತ್ರ ಪದವಿ ಇದೆ. ತೆಗೆಯೋಕೆ ಯಾರಿಗೂ ಬರಲ್ಲ. ನಿವೃತ್ತಿ ಆದ್ಮೇಲೆ ಪಿಂಚಣಿನೂ ಬರುತ್ತೆ."

"ಬರಹದಲ್ಲಿದೆಯಾ?"

"ಇದೆ."

"ಓದಿ ಹೇಳು."

ಕಿರಿಯ ಪ್ರೊಫೆಸರ್ ಪುಸ್ತಕ ತೆರೆದು ಆ ಪುಟವನ್ನು ಪೂರ್ತಿ, ಉಪನಿಯಮಗಳ ಸಮೇತ, ಓದಿದಳು. ನೊಣದಮ್ಮ ಕಣ್ಣುಮುಚ್ಚಿ ಕೇಳಿದಳು. ಮುಗಿದ ಮೇಲೆ, "ಹಾಗಾದ್ರೆ ತಗೊಳ್ಳಿ" ಅಂದಳು. ಅಧಿಕಾರಿಣಿ ತನ್ನ ಸೊನ್ನೆಗಳನ್ನು ಹೇಗೆ ತಿದ್ದಿದಳೋ ನನಗೆ ಗೊತ್ತಿಲ್ಲ. ನಡಾವಳಿಯಲ್ಲಿ ನಾನು 'ವಿಷಯ ತಜ್ಞರು ವಿಸ್ತೃತ ಚರ್ಚೆಯ ನಂತರ ಸಮ್ಮತಿಸಿದರು' ಎಂದು ಬರೆದೆ.

ಡೇರಿಯವನು ಸೇರಿದ. ಒಂಬತ್ತು ದಿನದಲ್ಲಿ ಕೆಲಸ ಕಲಿತ. ಹತ್ತನೆಯ ದಿನ ಥರ್ಮಾಮೀಟರನ್ನು ಮೊಳೆಯಿಂದ ತೆಗೆದು ಧೂಳೊರೆಸಿ ಉಪಯೋಗಿಸತೊಡಗಿದ. ಅದು ಸರಿಯಾಗಿಯೇ ಕೆಲಸ ಮಾಡುತ್ತಿತ್ತು. ನೊಣದಮ್ಮ ಪಕ್ಕದಲ್ಲಿ ನಿಂತು ಅಂಗೈ ಹಿಂಬದಿಯಿಂದ ತಾಳೆ ನೋಡಿ ಒಪ್ಪಿಕೊಂಡಳು. ಆದೇಶದಲ್ಲಿ ಇನ್ನೂ ಒಂದು ತಿಂಗಳು ಉಳಿದಿತ್ತೆಂದು ತಿಂಗಳಿಡೀ ಬಂದಳು. ಕೊನೆಯ ಎರಡು ವಾರ ಸ್ಟೂಲಿನ ಮೇಲೆ ಕೂತು ಹತ್ತಿ ಸುತ್ತಿದಳು.

ಕೊನೆಯ ದಿನ ಸಭಾಂಗಣದಲ್ಲಿ ಬೀಳ್ಕೊಡುಗೆ. ಪ್ರೊಫೆಸರ್ ಮಾತಾಡುತ್ತಾ ಆಕೆ ಸಂಸ್ಥೆಯ ಬೆನ್ನೆಲುಬು ಎಂದರು. ನೊಣಕ್ಕೆ ಬೆನ್ನೆಲುಬು ಇರುವುದಿಲ್ಲ ಎಂದು ಹಿಂದಿನ ಸಾಲಿನಲ್ಲಿ ಯಾರೋ ಪಿಸುಗುಟ್ಟಿದರು. ಚಿನ್ನದ ಪದಕದ ಹುಡುಗಿ ಹೂ ಕೊಟ್ಟಳು. ಆಮೇಲೆ ಪ್ರೊಫೆಸರ್ ಚೌಕಟ್ಟು ಹಾಕಿಸಿದ ದೊಡ್ಡ ಚಿತ್ರವೊಂದನ್ನು ಕೊಟ್ಟರು. ಸೂಕ್ಷ್ಮದರ್ಶಕದಲ್ಲಿ ತೆಗೆದ ನೊಣದ ಮೆದುಳು, ಹಸಿರು ಕೆಂಪು ಬಣ್ಣ ಹಚ್ಚಿದ್ದು. ಆಕೆಗೆ ಮಾತಾಡಲು ಹೇಳಿದರು. "ಕಿಟಕಿಗೆ ಜಾಲರಿ ಹಾಕಿಡಿ" ಎಂದು ಹೇಳಿ ಕೂತಳು.

ಚಿತ್ರ ಭಾರವಿತ್ತು. ನಾನು ಒಂದು ತುದಿ ಹಿಡಿದು ಗೇಟಿನವರೆಗೆ ಹೋದೆ. ಕಿರಿಯ ಪ್ರೊಫೆಸರೂ ಜೊತೆಗೆ ಬಂದಳು, ಹೂಗುಚ್ಛ ಹಿಡಿದುಕೊಂಡು. ಕಾವಲುಗಾರ ತಡೆದ.

"ಸಂಸ್ಥೆಯ ಸ್ವತ್ತು ಹೊರಗೆ ಹೋಗ್ಬೇಕಾದ್ರೆ ಗೇಟ್ ಪಾಸ್ ಬೇಕು."

"ಕೊಡುಗೆ ಕಣಪ್ಪ, ಪ್ರೊಫೆಸರ್ ಕೊಟ್ಟಿದ್ದು" ಎಂದೆ. ಚೌಕಟ್ಟಿನ ಹಿಂದೆ ಸಂಸ್ಥೆಯ ಮುದ್ರೆ ಇದೆ ಎಂದು ಆತ ತೋರಿಸಿದ. ಆತನ ತಪ್ಪಲ್ಲ, ನಿಯಮ ಹಾಗಿದೆ, ಅದನ್ನೂ ನಾನೇ ಬೆರಳಚ್ಚು ಮಾಡಿದ್ದು. ಮೂರು ಮಹಡಿ ಹತ್ತಿ ಪಾಸ್ ಬರೆದುಕೊಂಡು ಬಂದೆ. ಬರುವಷ್ಟರಲ್ಲಿ ಅವರಿಬ್ಬರೂ ಗೇಟಿನ ಪಕ್ಕದ ಕಟ್ಟೆಯ ಮೇಲೆ ಚಿತ್ರ ಒರಗಿಸಿ ಕೂತಿದ್ದರು. ಕಿರಿಯ ಪ್ರೊಫೆಸರ್ ಮೆದುಳಿನ ಒಂದು ಮೂಲೆ ತೋರಿಸಿ ಏನೋ ವಿವರಿಸುತ್ತಿದ್ದಳು. ನೊಣದಮ್ಮ ಪಾಸ್ ಇಸಿದುಕೊಂಡು ಗಟ್ಟಿಯಾಗಿ ಓದಿದಳು.

"ವಸ್ತು: ನೊಣದ ಮೆದುಳು. ಸಂಖ್ಯೆ: ಒಂದು. ಹಿಂತಿರುಗಿಸಬೇಕಾಗಿಲ್ಲ."

ಕಿರಿಯ ಪ್ರೊಫೆಸರ್ ಮೊದಲು ನಕ್ಕಳು. ಆಮೇಲೆ ನೊಣದಮ್ಮ. ಕಾವಲುಗಾರ, ಅವರು ಯಾಕೆ ನಗುತ್ತಿದ್ದಾರೆಂದು ಗೊತ್ತಾಗದೆ ಪಾಸನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಮುದ್ರೆ ಒತ್ತಿದ.

ಈಚೆಗೆ ನನ್ನ ಕನ್ನಡಕದ ನಂಬರು ಬದಲಾಯಿತೆಂದು ಆಕೆಯ ಮಗಳ ಅಂಗಡಿಗೆ ಹೋಗಿದ್ದೆ. ನೊಣದಮ್ಮ ಪಕ್ಕದ ಬೇಕರಿಯಲ್ಲಿ ಬೆಳಗಿನ ಹೊತ್ತು ಹಿಟ್ಟು ಕಲಸಲು ಹೋಗುತ್ತಾಳೆ. ಬೇಕರಿಯವನು ಸೋಮವಾರದಿಂದ ಬರ್ತೀರಾ ಎಂದನಂತೆ, ಈಕೆ ಮಂಗಳವಾರದಿಂದ ಎಂದಳಂತೆ, ಅಲ್ಲಿಗೆ ಆಯ್ಕೆ ಪ್ರಕ್ರಿಯೆ ಮುಗಿಯಿತಂತೆ. ಮೆದುಳಿನ ಚಿತ್ರ ಮನೆಯ ಗೋಡೆಗೆ ದೊಡ್ಡದಾಯಿತೆಂದು ಮಗಳ ಅಂಗಡಿಯಲ್ಲಿ ತೂಗುಹಾಕಿದ್ದಾರೆ. ಬಂದವರು ಕಣ್ಣಿನ ಒಳಭಾಗ ಇರಬೇಕೆಂದು ಭಕ್ತಿಯಿಂದ ನೋಡುತ್ತಾರೆ. ಮಗಳು ತಿದ್ದುವುದಿಲ್ಲ, ಅದರಿಂದ ವ್ಯಾಪಾರ ಹೆಚ್ಚಿದೆಯಂತೆ.

ಹತ್ತು ಗಂಟೆಗೆ ಕೆಲಸ ಮುಗಿಸಿ ಬಂದ ನೊಣದಮ್ಮ ನನ್ನನ್ನು ಕಂಡು, ಕೂದಲಿಗಂಟಿದ ಹಿಟ್ಟು ಕೊಡವುತ್ತಾ ಕೇಳಿದ್ದು ಒಂದೇ.

"ಡೇರಿಯವ್ನು ರಜಾ ತಗೋತಾನಾ?"

"ತಗೋತಾನೆ. ಹೋದ ವಾರ ಮಕ್ಕಳನ್ನ ಕರ್ಕೊಂಡು ನಾಲ್ಕು ದಿನ ಎಲ್ಲೋ ಹೋಗಿ ಬಂದ."

"ನೊಣಕ್ಕೆ ಯಾರು ಮಾಡಿದ್ರು?"

"ಕಿರಿಯ ಪ್ರೊಫೆಸರ್."

"ಗಂಟಾಗಿರುತ್ತೆ" ಎಂದು ಹೇಳಿ, ನನ್ನ ಹೊಸ ಕನ್ನಡಕವನ್ನು ಇಸಿದುಕೊಂಡು, ಗಾಜು ಸರಿಯಾಗಿ ಕೂತಿದೆಯೋ ಇಲ್ಲವೋ ಎಂದು ಬೆಳಕಿಗೆ ಹಿಡಿದು ನೋಡಿದಳು.